ಅಡವಿ ರೈಲಿನ ಒಲೆ

ಹಾಜಿಮಲಂಗ್ ಹೋದ ಸುದ್ದಿ ಬಂದದ್ದು ಏಕಾದಶಿಯ ದಿನ, ಭಾನುವಾರ ಬೆಳಿಗ್ಗೆ. ಗುಂಡೇರಾಯರು ಸ್ನಾನ ಮುಗಿಸಿ ದೇವರ ಮುಂದೆ ಕೂತು ಗೋಪೀಚಂದನ ತೇಯುತ್ತಿದ್ದರು. ಮಗ್ಗುಲಲ್ಲೇ ಇದ್ದ ಸ್ಟೇಷನ್ ಕೋಣೆಯಿಂದ, ಹಿಡಿಕೆ ತಿರುಗಿಸುವ ಹಳೇ ಫೋನು ಗರ್ರೆಂದಿತು. ಗುಡ್ಡದ ಮೇಲಿನವರು ಹಿಡಿಕೆ ಬಿಡುವತನಕ ಅದು ಬಾಯಿ ಮುಚ್ಚುವ ಪೈಕಿಯಲ್ಲ.

"ಈ ಹಾಜ್ಯಾಗ ಬ್ಯಾರೇ ಹೊತ್ತೇ ಸಿಗೂದಿಲ್ಲ," ಎಂದು ಗೊಣಗುತ್ತ ರಾಯರು ಎದ್ದರು. "ನಾ ಸಂಧ್ಯಾವಂದನಿಗೆ ಕೂತಾಗೇ ಅವಂಗ ನೀರಿನ ಟಾಕಿ ಸೋರ್ಲಿಕತ್ತದ ಅಂತ ನೆನಪಾಗ್ತದ."

ಫೋನಿನಲ್ಲಿದ್ದವನು ಹಾಜಿಮಲಂಗ್ ಅಲ್ಲ, ಗುಡ್ಡದ ಮೇಲಿನ ಕಾವಲುಗಾರ ಶರಣಬಸಪ್ಪ.

"ರಾಯರ, ಹಾಜಿ ಚಾಚಾ ಏಳವಲ್ಲರಿ."

"ಏಳವಲ್ಲ ಅಂದ್ರ? ಮುಖಕ್ಕ ನೀರು ಹೊಡಿ. ಇಷ್ಟೊತ್ತಿಗೆ ಅರ್ಧ ಗುಡ್ಡ ಇಳಿದಿರಬೇಕಿತ್ತು ಅಂವ. ಸೇಡಂದಿಂದ ಸಾಲೀ ಹುಡುಗ್ರು ಬರ್ಲಿಕತ್ತಾವ ಇವತ್ತ. ನಮಾಜಿಗೂ ಎದ್ದಿಲ್ಲೇನು?"

"ನಮಾಜಿಗಿ ಎದ್ದಾರ್ರಿ. ನಮಾಜ್ ಮುಗಿಸಿ ಅದೇ ಚಾಪಿ ಮ್ಯಾಲ ಒಂದ್ ಮಗ್ಗಲಾಗಿ ಮಲಗ್ಯಾರ." ಶರಣಬಸಪ್ಪನ ದನಿ ಒಡೆಯಿತು. "ಮೈ ತಣ್ಣಗಾಗೇದ್ರಿ. ನಾ ಮೂಗಿನ ಮುಂದ ಕನ್ನಡಿ ಹಿಡದೂ ನೋಡೀನ್ರಿ ರಾಯರ."

ರಾಯರು ರಿಸೀವರ್ ಹಿಡಿದು ನಿಂತರು. ಇಂಥ ಹೊತ್ತಿನಲ್ಲಿ ಬಾಯಿಂದ ಹರಿನಾಮ ಬರಬೇಕು. ಬಂದದ್ದು ಬೇರೆ ಮಾತು.

"ಭಾನುವಾರೇ ಸಿಕ್ತೇನೋ ನಿನಗ?" ಅಂದರು.

"ನಾ ಏನ್ ಮಾಡೀನ್ರಿ?" ಎಂದ ಶರಣಬಸಪ್ಪ.

"ನಿನಗಲ್ಲೋ. ಅವಗ. ನೀ ಅಲ್ಲೇ ಕೂಡು, ಎಲ್ಲೂ ಏಳಬ್ಯಾಡ. ಮುಖದ ಮ್ಯಾಲ ಧೋತರ ಹೊಚ್ಚು."

ಫೋನು ಇಟ್ಟ ಮೇಲೆ ರಾಯರು ಕಿಟಕಿಗೆ ಹೋಗಿ, ಎದುರಿನ ಶೆಡ್ಡಿನಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ ಮಶಾಕನನ್ನು ಕೂಗಿದರು. "ಮಶಾಕಾ, ನಿಮ್ಮ ಉಸ್ತಾದ್ ಹೋದ್ನೋ." ಅಷ್ಟೇ ಹೇಳಿ, ಕೊಡೆ ತೆಗೆದುಕೊಂಡು ರಸ್ತೆಯ ಮೇಲಿನ ಎಸ್‌ಟಿಡಿ ಬೂತಿಗೆ ನಡೆದರು. ಶಹಾಬಾದಿನಲ್ಲಿದ್ದ ಹಾಜಿಮಲಂಗನ ಮಗಳು ಖುರ್ಷಿದಬೇಗಂಗೆ ತಿಳಿಸಬೇಕಿತ್ತು. ಆ ಅರ್ಧ ಮಾತು ಎಷ್ಟು ತುಟ್ಟಿಯಾಗಲಿದೆ ಎಂಬುದು ಅವರಿಗೆ ಆಗ ಹೊಳೆಯಲಿಲ್ಲ.

ಚಿಂಚೋಳಿಯ ಆಚೆ, ಕಾಡಿನ ಅಂಚಿನಿಂದ ಹೊರಟು ಕರೇಗುಡ್ಡದ ನೆತ್ತಿಯವರೆಗೆ ಹೋಗುವ ಆ ಸಣ್ಣ ಹಳಿಯನ್ನು ಹಾಕಿಸಿದ್ದು ಒಂದು ಕಲ್ಲುಗಣಿಯ ಕಂಪನಿ. ಗಣಿ ಮುಚ್ಚಿತು, ಕಂಪನಿ ಎದ್ದುಹೋಯಿತು. ಹಳಿಗಳ ನಡುವೆ ಲಾಂಟಾನ ಬೆಳೆಯಿತು. ಆಮೇಲೆ ಯಾರೋ ದೊಡ್ಡ ಸಾಹೇಬರ ಕಣ್ಣಿಗೆ ಅದು ಬಿದ್ದು, ಹಳೇ ಕಾಲದ ಉಗಿಬಂಡಿ ಎಂದು ಭಾನುವಾರಕ್ಕೊಮ್ಮೆ ಜನರನ್ನು ಕಾಡು ತೋರಿಸಲು ಕರೆದೊಯ್ಯುವ ಏರ್ಪಾಡಾಯಿತು. ನಿವೃತ್ತರಾಗಿದ್ದ ಡ್ರೈವರ್ ಹಾಜಿಮಲಂಗನನ್ನೂ ಗಾರ್ಡ್ ಗುಂಡೇರಾಯರನ್ನೂ ಮತ್ತೆ ಕರೆದರು. ವಾಡಿಯಿಂದ, ಚಿತ್ತಾಪುರದಿಂದ, ಎಲ್ಲೆಲ್ಲಿಂದಲೋ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಗಣಿಯ ಕಾಲ ಸೇರಿಸಿದರೆ ಮೂವತ್ತು ವರ್ಷ ಇಬ್ಬರದೂ ಒಂದೇ ಗಾಡಿ. ಹಾಜಿಮಲಂಗ್ ಗಾಡಿಯ ತಲೆಯಲ್ಲಿ, ರಾಯರು ಬಾಲದಲ್ಲಿ. ಮೂವತ್ತು ವರ್ಷವೂ ಜಗಳ. ಅಂವ ಸೀಟಿ ಊದಿದರೆ ನಿಲ್ಲಿಸುವುದಿಲ್ಲ, ಮಂಗ್ಯಾ ಹಳಿಗೆ ಬಂದರೆ ಗಾಡಿ ನಿಲ್ಲಿಸಿ ಅದರ ಸಂಗಡ ಮಾತಾಡುತ್ತಾನೆ, ನೀರು ಹಿಡಿಯುವಲ್ಲಿ ಬೀಡಿ ಹಚ್ಚುತ್ತಾನೆ ಎಂದು ರಾಯರ ತಕರಾರು. ಗಾರ್ಡ್ ಸಾಬ್ ಹಸಿರು ನಿಶಾನಿ ತೋರಿಸೋದ್ರಾಗ ಎಂಜಿನ್ ಮುದುಕಿಯಾಗತದ ಎಂದು ಅವನ ತಕರಾರು. ಕೆಲಸ ಮುಗಿದ ಮೇಲೆ ಇಬ್ಬರೂ ನಡೆದು ಹೋಗುತ್ತಿದ್ದದ್ದು ಒಂದೇ ಗೋಡೆಯ ಆಚೆ ಈಚೆಯ ಮನೆಗಳಿಗೆ. ಲೈನಿನ ಆ ಜೋಡು ಕ್ವಾರ್ಟರ್ಸಿನಲ್ಲಿ ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೇಳಿಸುತ್ತಿತ್ತು.

ಮಳೆಗಾಲದಲ್ಲಿ ಹಾಜಿಮಲಂಗನದೊಂದು ಪದ್ಧತಿ. ಶನಿವಾರ ಸಂಜೆ ಅರಣ್ಯದವರ ಜೀಪಿನಲ್ಲಿ ಮೇಲೆ ಹೋಗಿ, ಅಲ್ಲೇ ಮಲಗಿ, ಬೆಳಿಗ್ಗೆ ಹಳಿಗುಂಟ ನಡೆಯುತ್ತ ಇಳಿಯುವುದು. ಮಣ್ಣು ಎಲ್ಲಿ ಕುಸಿದಿದೆ, ಯಾವ ಮೋರಿ ಬಾಯಿ ಬಿಟ್ಟಿದೆ ಎಂದು ತನ್ನ ಕಣ್ಣಿನಿಂದ ನೋಡದೆ ಮಕ್ಕಳನ್ನು ಹತ್ತಿಸಿಕೊಂಡು ಗಾಡಿ ಬಿಡುತ್ತಿರಲಿಲ್ಲ. "ನಿನ್ನ ವಯಸ್ಸೇನು, ನಿನ್ನ ಮೊಣಕಾಲೇನು, ಲೈನ್‌ಮನ್ ನೋಡ್ತಾನ ಬಿಡೋ," ಎಂದು ರಾಯರು ಎಷ್ಟು ಸಲ ಹೇಳಿದ್ದರೋ. ಈ ಶನಿವಾರವೂ ಹೇಳಿದ್ದರು. ಮಾತು ಕೇಳುವ ಜಾತಿಯಲ್ಲ ಅದು.

ಈಗ ನೋಡಿದರೆ ರಾತ್ರಿಯ ಮಳೆಗೆ ಗುಡ್ಡದ ರಸ್ತೆಯ ಸೇತುವೆ ಕೊಚ್ಚಿಹೋಗಿದೆ. ಜೀಪು ಹತ್ತುವಂತಿಲ್ಲ. ಹಳ್ಳ ಎರಡೂ ದಡ ತುಂಬಿ ಹರಿಯುತ್ತಿದೆ. ಅದರ ಮೇಲಿರುವುದು ಬರೀ ಹಳಿ ಮತ್ತು ಮರದ ದಿಮ್ಮಿಗಳ ಸೇತುವೆ, ಒದ್ದೆ ದಿಮ್ಮಿಯ ಮೇಲೆ ಹೆಣ ಹೊತ್ತು ನಡೆಯುವ ಗಂಡಸು ಆ ಸೀಮೆಯಲ್ಲಿಲ್ಲ. ಕೈಯಿಂದ ನೂಕುವ ಟ್ರಾಲಿ ರಿಪೇರಿಗೆಂದು ಶಹಾಬಾದಿಗೆ ಹೋದದ್ದು ಇನ್ನೂ ಬಂದಿಲ್ಲ. ಇಮಾಮ್‌ಬೀ, ಅಂದರೆ ಹಾಜಿಮಲಂಗನ ಹೆಂಡತಿ, ಕೆಳಗೆ ಊರ ಕಬರಸ್ಥಾನದಲ್ಲಿದ್ದಾಳೆ. ಅವಳ ಮಗ್ಗುಲಲ್ಲಿ ತನ್ನ ಜಾಗ ಎಂದು ಅವನು ಎಲ್ಲರಿಗೂ ಹೇಳಿದ್ದ. ಕಲ್ಲು ಹಾಸಿ ಜಾಗ ಹಿಡಿದೂ ಇಟ್ಟಿದ್ದ. ಹೊತ್ತು ಮುಳುಗುವುದರೊಳಗೆ ಅವನನ್ನು ಕೆಳಗಿಳಿಸಿ ಅಲ್ಲಿ ಮಲಗಿಸಬೇಕೆಂದರೆ ಇರುವುದು ಒಂದೇ ದಾರಿ. ಹಾಜಿಮಲಂಗ್ "ಬಡೀಬೀ" ಎಂದು ಕರೆಯುತ್ತಿದ್ದ ಆ ಉಗಿ ಎಂಜಿನ್.

ಬೂತಿನಿಂದ ಮರಳುವಾಗ ರಾಯರ ಮನಸ್ಸಿನಲ್ಲಿ ಲೆಕ್ಕ ಸರಿಯಾಗಿತ್ತು. ಮಶಾಕ ನಸುಕಿನಿಂದ ಬೆಂಕಿ ಮಾಡುತ್ತಿದ್ದಾನೆ, ಉಗಿ ಸಿದ್ಧವಾಗಿರುತ್ತದೆ, ನಿಂತ ಕಾಲಲ್ಲೇ ಹೊರಡಬಹುದು. ಶೆಡ್ಡಿಗೆ ಬಂದು ನೋಡಿದರೆ ಎಂಜಿನ್ನಿನ ಹೊಟ್ಟೆಯ ಕೆಳಗೆ ಕೆಂಡದ ರಾಶಿ. ಮಶಾಕ ಅದರ ಮೇಲೆ ಕೊಡದಿಂದ ನೀರು ಸುರಿಯುತ್ತಿದ್ದ. ಬುಸ್ಸೆಂದು ಬೂದಿ ಏಳುತ್ತಿತ್ತು.

"ಏ! ಏ! ಏನ್ ಮಾಡ್ಲಿಕತ್ತೀ ಮಗನ?"

"ಒಲಿ ಆರಸಾಕತ್ತೀನ್ರಿ."

"ಅದು ಕಾಣ್ತದ! ಯಾಕ?"

ಮಶಾಕನ ಮುಖ ಮಸಿಯಿಂದ ಕಪ್ಪಾಗಿತ್ತು, ಕಣ್ಣೀರು ಇಳಿದಲ್ಲಿ ಎರಡು ಗೆರೆ ಬೆಳ್ಳಗಿತ್ತು. ನಡುವಯಸ್ಸಿನ ಗಟ್ಟಿ ಆಳು, ಚಿಕ್ಕವನಿದ್ದಾಗಿನಿಂದ ಹಾಜಿಮಲಂಗನ ಕೈಕೆಳಗೆ ಬೆಳೆದವನು. "ಸತ್ತ ಮನ್ಯಾಗ ಒಲಿ ಉರಿಬಾರದಲ್ರಿ ರಾವ್‌ಸಾಬ್. ನಿಮಗ ಗೊತ್ತಿಲ್ಲೇನು?"

"ಮನಿ? ಎಲ್ಲದ ಮನಿ? ಇದು ಎಂಜಿನ್ನೋ, ಎಂಜಿನ್!"

"ಉಸ್ತಾದರ ಮನಿ ಇದೇ ಅಲ್ರಿ. ಇಮಾಮ್‌ಬೀ ಚಾಚಿ ಹೋದ ಮ್ಯಾಲ ಅವರು ಆ ಮನ್ಯಾಗ ಒಲಿ ಹಚ್ಚಿದ್ದು ನೀವು ನೋಡೀರೇನು? ಇಲ್ಲೇ ಸಲಿಕಿ ಮ್ಯಾಲ ರೊಟ್ಟಿ ಬಿಸಿ ಮಾಡೋರು, ಇಲ್ಲೇ ಬದನಿಕಾಯಿ ಸುಡೋರು, ಇಲ್ಲೇ ಚಾ. ಅವರ ಒಲಿ ಅಂದ್ರ ಇದೇ."

ಗಾಡಿಯ ಬಾಲದಲ್ಲಿ ಕೂತು ಆ ಸುಟ್ಟ ಬದನೆಕಾಯಿಯ ವಾಸನೆಯನ್ನು ರಾಯರೇ ಎಷ್ಟೋ ಏಕಾದಶಿಗಳಂದು ಬೈದುಕೊಂಡಿದ್ದರು.

"ಅವನ್ನ ಕೆಳಗ ತರೋದು ಹ್ಯಾಂಗೋ ಹುಚ್ಚಪ್ಪಾ?" ಎಂದರು ಕೊನೆಗೆ. "ರಸ್ತಾ ಇಲ್ಲ, ಟ್ರಾಲಿ ಇಲ್ಲ. ಇದೇ ಎಂಜಿನ್ ಹೋಗಬೇಕು. ಅದರ ಬೆಂಕೀನೇ ಕೊಂದು ಕೂತೀಯಲ್ಲ!"

ಮಶಾಕನ ಕೈಯಿಂದ ಕೊಡ ಜಾರಿತು. "ನೀವು ಹೇಳಬೇಕಿಲ್ರಿ ಮತ್ತ? ಹೋದ ಅಂತಷ್ಟೇ ಅಂದ್ರಿ, ಕೊಡಿ ಹಿಡಕೊಂಡು ಹೋದ್ರಿ."

ಅದು ನಿಜ. ನಿಜವಾದದ್ದರಿಂದ ರಾಯರಿಗೆ ಇನ್ನಷ್ಟು ಸಿಟ್ಟು ಬಂತು. "ಆಯ್ತು. ತಪ್ಪು ನಂದೇ. ಈಗ ಹಚ್ಚು. ನೀರು ಇನ್ನೂ ಕಾದದ, ಜಲ್ದಿ ಹಚ್ಚಿದ್ರ ಮಧ್ಯಾಹ್ನಕ್ಕ ಉಗಿ ಆಗ್ತದ."

ಮಶಾಕ ಕದಲಲಿಲ್ಲ. ಕಲ್ಲಿದ್ದಲ ರಾಶಿಯ ಮೇಲೆ ಕುಸಿದು ಕೂತ. "ಆರಿಸಿದ ಒಲಿ ಮನೀ ಮಂದಿ ಹಚ್ಚಬಾರದ್ರಿ. ನಾ ಹ್ಯಾಂಗ ಹಚ್ಚಲಿ? ಅವರು ನನಗ ತಂದಿ ಇದ್ದಂಗ. ಅವರ ಸಾವಿನ ದಿನ ಅವರ ಒಲ್ಯಾಗ ನಾನೇ ಕಡ್ಡಿ ಗೀರಬೇಕೇನು? ನನ್ನ ಕೈ ಆಡಂಗಿಲ್ಲ."

ಅಷ್ಟರಲ್ಲಿ ಶೆಡ್ಡಿನ ಮುಂದೆ ಜೀಪು ನಿಂತಿತು, ಅದರ ಹಿಂದೆ ಶಾಲೆಯ ಬಸ್ಸು. ಜೀಪಿನಿಂದ ಅಭಯ ಇಳಿದ. ಅಡವಿ ರೈಲಿನ ಮೇಲ್ವಿಚಾರಣೆಗೆ ಹೊಸದಾಗಿ ಬಂದಿದ್ದ ಎಳೆಯ ಅಧಿಕಾರಿ. ಒಳ್ಳೆಯ ಹುಡುಗ, ಆದರೆ ಯಾವ ಮಾತನ್ನೂ ಒಂದೇ ಸಲಕ್ಕೆ ಕೇಳಿಸಿಕೊಳ್ಳದವನು. ಸುದ್ದಿ ಕೇಳಿ ಟೊಪ್ಪಿಗೆ ತೆಗೆದ, ತಲೆ ಬಗ್ಗಿಸಿದ, "ಛೇ, ಛೇ" ಎಂದ. ಆಮೇಲೆ ಬಸ್ಸಿನ ಕಡೆ ನೋಡಿದ.

"ಆದ್ರ ರಾಯರ, ಮಕ್ಕಳು ಸೇಡಂದಿಂದ ಬಂದಾರಲ್ಲ."

"ಬರ್ಲಿ. ಬುತ್ತಿ ಉಂಡು ಹೋಗ್ಲಿ."

"ಮತ್ತ ಈ ಗಾಡಿಯಾಗ ಶವ ತರಬಹುದೋ ಏನೋ, ನಮ್ಮ ನಿಯಮದಾಗ—"

"ಸಾಹೇಬ್ರ, ಮೊದಲು ಗಾಡಿ ಹೊರಡಬೇಕಲ್ಲ!" ರಾಯರ ದನಿ ಶೆಡ್ಡಿನ ತಗಡಿಗೆ ಬಡಿದು ಮರಳಿತು. "ಅದರ ಒಲಿ ಆರೇದ. ಇಂವ ಹಚ್ಚವಲ್ಲ. ನಿಯಮ ಆಮ್ಯಾಲ ನೋಡ್ರಿ."

"ಒಲಿ ಆರಿದ್ರ ಅಷ್ಟ್ಯಾಕ ಚಿಂತಿ?" ಅಭಯ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಚಾಚಿದ. "ತೊಗೊಳ್ರಿ."

ರಾಯರು ಅದನ್ನು ಕಸಿದುಕೊಂಡರು. ಪಂಚೆ ಮೇಲಕ್ಕೆ ಕಟ್ಟಿ ಎಂಜಿನ್ ಹತ್ತಿದರು. ಒಲೆಯ ಬಾಗಿಲು ತೆಗೆದು ಕಟ್ಟಿಗೆ ಚೂರು ತುಂಬಿದರು, ಕಡ್ಡಿ ಗೀರಿ ಎಸೆದರು. ಹೊಗೆ ಬಂತು. ಇನ್ನೊಂದು ಎಸೆದರು. ಇನ್ನಷ್ಟು ಹೊಗೆ ಬಂದು ಅವರ ಮುಖಕ್ಕೇ ಹೊಡೆಯಿತು. ಮೂವತ್ತು ವರ್ಷ ಈ ಗಾಡಿಯ ಹಿಂದೆ ಕೂತು ತಿರುಗಿದ ಮನುಷ್ಯ, ಒಂದು ದಿನವೂ ಅದರ ಬೆಂಕಿ ಹೇಗೆ ಹತ್ತುತ್ತದೆಂದು ನೋಡಿರಲಿಲ್ಲ. ಕೆಮ್ಮುತ್ತ, ಕಣ್ಣೊರೆಸುತ್ತ ಕೆಳಗಿಳಿದಾಗ ಮೈಮೇಲಿನ ಮಡಿ ಪಂಚೆ ಮಸಿಯಾಗಿತ್ತು. ಬಸ್ಸಿನ ಕಿಟಕಿಯಲ್ಲಿ ಮಕ್ಕಳು ನಗುತ್ತಿದ್ದರು.

"ಬೆಂಕಿ ಎಲ್ಲಿಂದ ಬರಬೇಕೋ ಹೇಳು ಹಂಗಾರ," ಎಂದರು ಮಶಾಕನಿಗೆ. "ಅಸ್ಮಾನದಿಂದೇನು?"

"ನೆರೀಮನಿಯಿಂದ್ರಿ," ಎಂದ ಮಶಾಕ ತಲೆ ಎತ್ತದೆ. "ಸತ್ತ ಮನಿಗಿ ಅನ್ನ ನೆರೀಮನಿಯಿಂದ ಬರತದ, ಬೆಂಕೀನೂ ಅಲ್ಲಿಂದೇ ಬರಬೇಕು. ನಮ್ಮ ಅವ್ವ ಹೋದಾಗ ಹಂಗೇ ಮಾಡೀವ್ರಿ."

ನೆರೆಮನೆ. ಒಂದೇ ಗೋಡೆಯ ಈಚೆಯ ಮನೆ. ರಾಯರು ಹಣೆಗೆ ಕೈ ಹಚ್ಚಿಕೊಂಡರು. "ಇವತ್ತ ಏಕಾದಶಿ. ನಮ್ಮ ಮನ್ಯಾಗೂ ಒಲಿ ಹಚ್ಚಿಲ್ಲ!"

ಯಾರ ಮೇಲೆ ಹರಿಹಾಯಬೇಕೆಂದು ತಿಳಿಯದೆ ಅವರು ಮನೆಗೆ ಬಂದರು. ಹೆಂಡತಿ ಭಾಮಾ ದೇವರಕೋಣೆಯ ಹೊಸ್ತಿಲಲ್ಲಿ ಕೂತಿದ್ದರು. ಬೆಳಿಗ್ಗೆ ಫೋನಿನ ಮಾತು ಕಿವಿಗೆ ಬಿದ್ದಾಗಿನಿಂದ, ಗೋಡೆಯ ಆಚೆಯ ಖಾಲಿ ಮನೆಗೆ ಕಿವಿಗೊಟ್ಟು ಅತ್ತು ಅತ್ತು ಮೂಗು ಕೆಂಪಾಗಿತ್ತು. ರಾಯರು ನಡೆದದ್ದನ್ನೆಲ್ಲ ಹೇಳಿದರು. ಹೇಳುವಾಗ ಮಶಾಕನನ್ನು ಮೂರು ಸಲ ಹುಚ್ಚ ಅಂದರು, ಹಾಜಿಮಲಂಗನನ್ನು ಅದಕ್ಕಿಂತ ಹೆಚ್ಚು ಸಲ.

"ಮಶಾಕಂದೇನು ತಪ್ಪು?" ಎಂದರು ಭಾಮಾ. "ನಿಮ್ಮ ತಂದಿ ಹೋದಾಗ ಈ ಮನ್ಯಾಗ ಒಲಿ ಹಚ್ಚಿದ್ರೇನು? ಇಮಾಮ್‌ಬೀ ಬಾಳಿಹಣ್ಣು, ಹಾಲು ಕಳಿಸಿದ್ಲು. ನಾವು ಬ್ಯಾರೇ ಏನೂ ಮುಟ್ಟೂದಿಲ್ಲ ಅಂತ ಗೊತ್ತಿತ್ತು ಆಕಿಗಿ."

"ಈಗ ಅದೆಲ್ಲ ಯಾಕ? ಒಲಿ ಇಲ್ಲ, ಏಕಾದಶಿ. ನಾ ಏನ್ ಒಯ್ಯಲಿ?"

"ದೇವರ ಮುಂದ ನಂದಾದೀಪ ಉರೀಲಿಕತ್ತದಲ್ಲ."

ರಾಯರು ಹೆಂಡತಿಯ ಮುಖ ನೋಡಿದರು. ಆ ದೀಪ ಅವರ ತಾಯಿಯ ಕಾಲದಿಂದ ಆರದೆ ಬಂದದ್ದು. ಎಣ್ಣೆ ಹಾಕುವುದಕ್ಕೂ ಮಡಿ ಬೇಕು. ಅದರಿಂದ ಒಂದು ಊದಿನಕಡ್ಡಿ ಬಿಟ್ಟರೆ ಬೇರೇನನ್ನೂ ಹಚ್ಚಿದ್ದಿಲ್ಲ.

"ಎಂಜಿನ್ ಒಲಿಗೇನು? ಅದರಾಗ ಅಂವ ಏನೇನು ಬೇಸ್ಯಾನ ನಿನಗ ಗೊತ್ತದೇನು? ತತ್ತಿ ಒಡದು ಸಲಿಕಿ ಮ್ಯಾಲ ಹಾಕ್ತಿದ್ದ. ಆ ವಾಸನಿಗೆ ನಾ ಮೂಗು ಮುಚ್ಚಿಕೊಂಡು ಗುಡ್ಡ ಹತ್ತೀನಿ!"

"ಹತ್ತೀರಿ. ಯಾರು ಹತ್ತಿಸಿದ್ರು?" ಭಾಮಾ ಎದ್ದು ನಿಂತರು. "ಅದೇ ತತ್ತಿ ತಿಂದ ಕೈಲೇ ಅವರು ನಿಮ್ಮನ್ನ ಗಣಿಯಾಗ ಕಲ್ಲು ಜಾರಿ ಪೆಟ್ಟು ಬಿದ್ದ ರಾತ್ರಿ ಹೆಗಲ ಮ್ಯಾಲ ಹೊತ್ತು ಈ ಬಾಗಿಲ ಮುಂದ ಇಳಿಸಿದ್ರು. ಅವತ್ತ ನೀವು ಮಡಿ ಕೇಳಿದ್ರೇನು? ನಿಮಗ ಮನಸ್ಸಿಲ್ಲಂದ್ರ ಸರೀರಿ, ನಾನೇ ಒಯ್ತೀನಿ."

"ನಾ ಒಯ್ಯೂದಿಲ್ಲ ಅಂದ್ನೇನು?" ರಾಯರು ರೇಗಿದರು. "ದೇವರ ಹತ್ರ ಒಂದು ಮಾತು ಕೇಳ್ಲಿಕ್ಕೂ ಬಿಡೂದಿಲ್ಲ ಈಕಿ."

ಮತ್ತೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ದೇವರ ಮುಂದೆ ನಿಂತರು. ಏನು ಕೇಳಿದರೋ, ಏನು ಉತ್ತರ ಬಂತೋ. ಭಾಮಾ ಮಣ್ಣಿನ ಹಣತೆಯಲ್ಲಿ ದಪ್ಪ ಬತ್ತಿ ಹಾಕಿ, ತುಪ್ಪ ತುಂಬಿ, ನಂದಾದೀಪದಿಂದ ಹಚ್ಚಿಕೊಟ್ಟರು. ಹೊರಗೆ ಜಡಿಮಳೆ. ರಾಯರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಣತೆ ಹಿಡಿದು, ಗಾಳಿಗೆ ಎದೆಯೊಡ್ಡಿ, ಒಂದೊಂದೇ ಹೆಜ್ಜೆ ಇಡುತ್ತ ಹಳಿ ದಾಟಿದರು. ಅಭಯ ಓಡಿ ಬಂದು ಕೊಡೆ ಹಿಡಿಯಲು ಹೋದ. "ಮುಟ್ಟಬ್ಯಾಡ್ರಿ, ಮುಟ್ಟಬ್ಯಾಡ್ರಿ! ಗಾಳಿಗಿ ಅಡ್ಡ ನಿಂದಿರ್ರಿ ಅಷ್ಟೇ!" ಎಂದು ರಾಯರು ಕೂಗಿದರು. ಅಧಿಕಾರಿ ಟೊಪ್ಪಿಗೆ ಕೈಯಲ್ಲಿ ಹಿಡಿದು, ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತ ಗಾಳಿಗೆ ಮರೆಯಾದ. ಈ ಸಲ ಬಸ್ಸಿನ ಮಕ್ಕಳು ನಗಲಿಲ್ಲ.

ಶೆಡ್ಡಿನ ಬಾಗಿಲಲ್ಲಿ ಬಾಡಿಗೆ ಜೀಪೊಂದು ಬಂದು ನಿಂತಿತ್ತು. ಚಿತ್ತಾಪುರ, ಸೇಡಂ, ಸುಲೇಪೇಟ ಹಾದು ಖುರ್ಷಿದಬೇಗಂ ಬಂದಿದ್ದಳು, ಜೊತೆಗೆ ಗಂಡ ಮತೀನ. ಅವಳು ಎಂಜಿನ್ನಿನ ಮೆಟ್ಟಿಲಿಗೆ ಕೈ ಊರಿ ನಿಂತಿದ್ದಳು. ರಾಯರ ಕೈಯಲ್ಲಿದ್ದ ಹಣತೆಯನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು.

"ಎಲ್ಲಿಂದ ತಂದ್ರಿ ಕಾಕಾ?"

"ನಮ್ಮ ಮನಿಯಿಂದವ್ವ. ದೇವರ ಮುಂದಿನದು. ಬ್ಯಾರೇ ಇರಲಿಲ್ಲ." ಸಮಜಾಯಿಷಿ ಕೊಡುವವರ ಹಾಗೆ ಹೇಳಿದರು. "ನಿನಗ ಅಡ್ಡಿ ಇದ್ರ ಹೇಳು."

ಖುರ್ಷಿದ ಎರಡೂ ಕೈ ಚಾಚಿ ಹಣತೆಯನ್ನು ತೆಗೆದುಕೊಂಡಳು. ಆಗ ಅವಳ ಬೆರಳು ರಾಯರ ಬೆರಳಿಗೆ ತಾಗಿತು. ರಾಯರು ಕೈ ಹಿಂದೆಗೆಯಲಿಲ್ಲ. ಅವಳು ಅದನ್ನು ಮಶಾಕನ ಮುಂದೆ ಹಿಡಿದಳು. "ಭಾಯ್, ನೆರೀಮನಿಯಿಂದ ಬಂದದ. ಏಳು. ಅಬ್ಬಾನ್ನ ಕರ್ಕೊಂಡು ಬಾ."

ಮಶಾಕ ಎದ್ದ. ರಾಯರು ತುಂಬಿದ್ದ ಕಟ್ಟಿಗೆಯನ್ನೆಲ್ಲ ಹೊರಗೆಳೆದು, "ಯಾ ಅಲ್ಲಾ, ಇದ್ಯಾರು ಹಿಂಗ ತುರುಕ್ಯಾರ?" ಎಂದು ಅಳುತ್ತಲೇ ಬೈದ. ಒಣ ಸಿಬಿರು ಜೋಡಿಸಿ, ಎಣ್ಣೆಯ ಅರಿವೆ ಸುತ್ತಿ, ಹಣತೆಯ ಬತ್ತಿಯನ್ನು ಮುಟ್ಟಿಸಿದ. ಬೆಂಕಿ ಹಿಡಿಯಿತು.

ಉಗಿ ಏರಲು ಮಧ್ಯಾಹ್ನ ಕಳೆಯಿತು. ಅಷ್ಟರಲ್ಲಿ ಅಭಯನಿಗೆ ನಿಯಮ ನೆನಪಾಗಿ, ಮರೆತು, ಮತ್ತೆ ನೆನಪಾಗಿ, ಕೊನೆಗೆ "ಯಾರಾದ್ರೂ ಕೇಳಿದ್ರ ನಾ ಹೇಳ್ತೀನಿ ಬಿಡ್ರಿ" ಎಂದು ತಾನೇ ಮಕ್ಕಳ ಬಸ್ಸನ್ನು ಹಿಂದಕ್ಕೆ ಕಳಿಸಿದ. ಎಂಜಿನ್ನಿಗೆ ಗಾರ್ಡಿನ ಡಬ್ಬಿಯೊಂದನ್ನೇ ಕಟ್ಟಿಕೊಂಡು ಗಾಡಿ ಹೊರಟಿತು. ಮಶಾಕ ಎಂದೂ ಡ್ರೈವರನ ಜಾಗದಲ್ಲಿ ನಿಂತವನಲ್ಲ. ಹೊರಟ ಎಳೆತಕ್ಕೆ ರಾಯರು ಬೆಂಚಿನಿಂದ ನೆಲಕ್ಕೆ ಬಿದ್ದರು. ಅಂದು ಹಳಿಯನ್ನು ಯಾರೂ ನಡೆದು ನೋಡಿರಲಿಲ್ಲ. ಹಾಗಾಗಿ ಪ್ರತಿ ಮೋರಿಗೂ ಗಾಡಿ ನಿಲ್ಲಿಸಿ, ರಾಯರೂ ಮತೀನನೂ ಇಳಿದು, ಕೋಲಿನಿಂದ ಕುಟ್ಟಿ ನೋಡಿ, ಮುಂದೆ ಬಾ ಎಂದು ಕೈ ಮಾಡುತ್ತಿದ್ದರು. ನಿರ್ಜಲ ಉಪವಾಸದ ಬಾಯಿ ಅಂಟಂಟಾಗಿತ್ತು. ತೇಗದ ಎಲೆಗಳಿಂದ ನೀರು ಧಾರೆಯಾಗಿ ಕುತ್ತಿಗೆಗೆ ಇಳಿಯುತ್ತಿತ್ತು. "ಈ ಕೆಲಸ ಅಂವ ಪ್ರತಿ ವಾರ ಮಾಡ್ತಿದ್ದ," ಎಂದರು ರಾಯರು ಮತೀನನಿಗೆ, ದೂರುವವರ ಧಾಟಿಯಲ್ಲಿ. "ಒಬ್ಬನೇ. ಹೇಳಿದ್ರ ಕೇಳ್ತಿದ್ದಿಲ್ಲ."

ಮೇಲೆ ಶರಣಬಸಪ್ಪ ಹೇಳಿದ ಜಾಗದಿಂದ ಎದ್ದಿರಲಿಲ್ಲ. ಹಾಜಿಮಲಂಗನನ್ನು ಚಾಪೆಯಿಂದ ಎತ್ತಿ ಹೊರಸಿನ ಮೇಲೆ ಮಲಗಿಸಿ, ಹೊರಸಿನ ಸಮೇತ ಗಾರ್ಡಿನ ಡಬ್ಬಿಯಲ್ಲಿ ಇಟ್ಟರು. ಮತೀನನೂ ಶರಣಬಸಪ್ಪನೂ ಮಶಾಕನಿಗೆ ನೆರವಾಗಲು ಎಂಜಿನ್ನಿಗೆ ಹೋದರು. ಇಳಿಜಾರಿನಲ್ಲಿ ಹಿಂದಿನ ಕೈಬ್ರೇಕು ಗಾರ್ಡಿನ ಕೆಲಸ. ಡಬ್ಬಿಯಲ್ಲಿ ರಾಯರು, ಅವರ ಮೊಣಕಾಲಿಗೆ ತಾಗಿಕೊಂಡು ಹೊರಸು.

ಮೂವತ್ತು ವರ್ಷದಲ್ಲಿ ಇಬ್ಬರೂ ಒಂದೇ ಡಬ್ಬಿಯಲ್ಲಿ ಕೂತದ್ದು ಅದೇ ಮೊದಲು. ಒಬ್ಬ ತಲೆಯಲ್ಲಿ, ಒಬ್ಬ ಬಾಲದಲ್ಲಿ ಇದ್ದವರು ನಿಶಾನೆಯಿಂದ, ಸೀಟಿಯಿಂದ ಜಗಳವಾಡಿದ್ದೇ ಹೆಚ್ಚು. ಬ್ರೇಕಿನ ಚಕ್ರವನ್ನು ಎರಡೂ ಕೈಯಿಂದ ಬಿಗಿ ಹಿಡಿದು ರಾಯರು ಹಲ್ಲು ಕಚ್ಚಿದರು. ಮಶಾಕ ಇಳಿಸುವ ಬಗೆ ಸರಿಯಿರಲಿಲ್ಲ, ಎಂಜಿನ್ ಒಮ್ಮೆ ಎಳೆಯುತ್ತಿತ್ತು, ಒಮ್ಮೆ ದೂಡುತ್ತಿತ್ತು.

"ನೋಡು, ನೋಡು ನಿನ್ನ ಶಿಷ್ಯ ಹ್ಯಾಂಗ ಬಿಡ್ಲಿಕತ್ತಾನ," ಎಂದರು ಹೊರಸಿನ ಕಡೆಗೆ. "ಕಲಿಸೇನಿ, ಕಲಿಸೇನಿ ಅಂತಿದ್ದಿ. ಇದೇನು ಕಲಿಸಿದ್ದು? ಹ್ಯಾಂಡಲ್ ಅವನ ಕೈಗಿ ಕೊಟ್ಟಿದ್ರ ತಾನೇ ಕಲೀತಿದ್ದ! ಎಲ್ಲಾ ನೀನೇ ಮಾಡಬೇಕು. ಹಳಿ ನೀನೇ ನೋಡಬೇಕು, ಗಾಡಿ ನೀನೇ ಬಿಡಬೇಕು. ಈಗ ಮಲಗೀದಿ ಆರಾಮ. ನನ್ನ ಭುಜ ಹರೀಲಿಕತ್ತದ ಇಲ್ಲಿ."

ತಿರುವಿನಲ್ಲಿ ಡಬ್ಬಿ ಜೋರಾಗಿ ಅಲುಗಿತು. ಹೊರಸು ಒಂದು ಕಡೆ ಜಾರಿತು. ರಾಯರು ಚಕ್ರವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಹಾಜಿಮಲಂಗನ ಎದೆಯ ಮೇಲಿಟ್ಟು ತಡೆದರು. ತಣ್ಣಗಿನ ಎದೆ. ಕೆಳಗೆ ಇಳಿಯುವವರೆಗೂ ಆ ಕೈಯನ್ನು ಅವರು ತೆಗೆಯಲಿಲ್ಲ. ಹಳ್ಳದ ಸೇತುವೆಯ ಮೇಲೆ ದಿಮ್ಮಿಗಳು ನರಳಿದಾಗ ಬೈಗುಳ ನಿಂತು ಬಾಯಲ್ಲಿ ನಾರಾಯಣ ನಾಮ ಬಂತು. ಸೇತುವೆ ದಾಟಿದ ಮೇಲೆ ಬೈಗುಳ ಮತ್ತೆ ಬರಲಿಲ್ಲ. ರಾಯರು ತಲೆ ವಾಲಿಸಿ, ಭುಜದ ಮೇಲಿನ ಒದ್ದೆ ಉತ್ತರೀಯಕ್ಕೇ ಕಣ್ಣೊರೆಸಿಕೊಂಡರು.

ಕೆಳಗೆ ಜಮಾತಿನವರು ಕಾದಿದ್ದರು. ಮನೆಯಲ್ಲಿ ಸ್ನಾನ ಮಾಡಿಸಿ ಕಫನ್ ಹೊದಿಸಿದರು. ಗೋಡೆಯ ಆಚೆ ಖುರ್ಷಿದಳ ಕೈ ಹಿಡಿದು ಭಾಮಾ ಕೂತಿದ್ದರು. "ನಾಳೆ ದ್ವಾದಶಿ. ನಮ್ಮ ಒಲಿ ನಸುಕಿನ್ಯಾಗೇ ಹತ್ತತದ. ಪಾರಣಿ ಅಡಿಗಿ ಮೊದಲು ನಿಮ್ಮ ಮನಿಗಿ, ಆಮ್ಯಾಲ ನಮಗ," ಎಂದು ಅವಳಿಗೆ ಹೇಳುತ್ತಿದ್ದದ್ದು ರಾಯರಿಗೆ ಕೇಳಿಸಿತು.

ಕಬರಸ್ಥಾನದಲ್ಲಿ ಇಮಾಮ್‌ಬೀಯ ಮಗ್ಗುಲಿಗೆ ತೋಡಿದ್ದ ಕುಣಿಯಲ್ಲಿ ಮಳೆನೀರು ಜಿನುಗುತ್ತಿತ್ತು. ಅದಕ್ಕೂ ರಾಯರು ತಕರಾರು ತೆಗೆದರು. ನೀರು ಪೂರಾ ತೋಡಿ, ಶಹಾಬಾದಿ ಕಲ್ಲಿನ ಹಾಸು ಸರಿಪಡಿಸುವತನಕ ಯಾರನ್ನೂ ಸುಮ್ಮನಿರಗೊಡಲಿಲ್ಲ. ಹೊತ್ತು ಗುಡ್ಡದ ಹಿಂದೆ ಇಳಿಯುತ್ತಿರುವಾಗ ಹಾಜಿಮಲಂಗನನ್ನು ಇಳಿಸಿದರು. ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಿದರು. ದೂರ ನಿಂತಿದ್ದ ರಾಯರ ಕಡೆ ಮತೀನ ತಿರುಗಿದ.

"ಬರ್ರಿ ಕಾಕಾ. ನೀವೂ ಹಾಕ್ರಿ."

ರಾಯರು ಹಸಿ ಮಣ್ಣು ಹಿಡಿದರು. ಹಾಕಿದರು. ಉಳಿದವರು ಅಂಗೈ ತೆರೆದು ಪ್ರಾರ್ಥಿಸುತ್ತಿದ್ದರು. ಅವರ ಪ್ರಾರ್ಥನೆ ರಾಯರಿಗೆ ಬರುತ್ತಿರಲಿಲ್ಲ. ಕೆಸರು ಮೆತ್ತಿದ ಕೈಗಳನ್ನೇ ಜೋಡಿಸಿ, ಕಣ್ಣು ಮುಚ್ಚಿ, ತಮಗೆ ಬರುವಷ್ಟನ್ನು ಮನಸ್ಸಿನಲ್ಲಿ ಹೇಳಿಕೊಂಡರು:

ನಾರಾಯಣಾ, ಈ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದು ನನ್ನದು, ನನ್ನ ಹತ್ತಿರವೇ ಇರಲಿ. ಅವನ ಮೇಲೆ ಹೊರಿಸಬೇಡ. ಸುಳ್ಳಾಡಿದವನಲ್ಲ, ಯಾರ ಮಗುವನ್ನೂ ಅಪಾಯಕ್ಕೆ ಒಯ್ದವನಲ್ಲ. ಅವನು ನಿನ್ನನ್ನು ಕರೆದ ಹೆಸರು ಬೇರೆ, ಆದರೆ ನಿತ್ಯವೂ ಕರೆದ, ಕೊನೆಯ ನಸುಕಿನಲ್ಲೂ ಕರೆದೇ ಮಲಗಿದ. ದಣಿದು ಬಂದಿದ್ದಾನೆ. ಅವನಿಗೆ ನಿನ್ನ ನೆರಳು ಕೊಡು. ಅವನ ಹೆಂಡತಿಯ ಹತ್ತಿರ ಅವನಿಗೆ ಎಡೆ ಕೊಡು. ಅವನ ಜೀವಕ್ಕೆ ಶಾಂತಿ ಕೊಡು ಸ್ವಾಮೀ, ಶಾಂತಿ ಕೊಡು.